ಮುರಿದ ಬೀಗದ ಕೈ ಹೊರಗೆ ಬಾರದೆ ಏಕೆ ಹಟ ಮಾಡುತ್ತದೆ?

[ಮುಚ್ಚಿದ ಬಾಗಿಲ ಮುಂದೆ, ಕೈಯಲ್ಲಿ ಅರ್ಧ ಬೀಗದ ಕೈ]

ನಮಸ್ಕಾರ. ಇದು ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿರುವ ನನ್ನ ಅತ್ತೆಯ ಮನೆ. ಬೀಗದ ಕೈಯ ಹಿಡಿ ನನ್ನ ಹತ್ತಿರ, ಉಳಿದದ್ದು ಬಾಗಿಲಿನೊಳಗೆ. ನಾವು ಇದನ್ನು ಕೈ ಎನ್ನುತ್ತೇವೆ. ಪಕ್ಕದ ಮನೆಯ ಮಲಯಾಳಿಗಳಿಗೆ ಇದು ತಾಕ್ಕೋಲ್, ಅಂದರೆ ಕೋಲು. ಮುರಿಯುವ ಗುಣ ನೋಡಿದರೆ ಅವರ ಹೆಸರೇ ಒಪ್ಪುತ್ತದೆ.

ಮುರಿದದ್ದೇನೋ ಸರಿ. ಒಳಗಿನ ತುಂಡು ತಾನಾಗಿ ಜಾರಿ ಏಕೆ ಬರುವುದಿಲ್ಲ?

ಇತಿಹಾಸ ಒಂದೇ ಉಸಿರಿನಲ್ಲಿ: ಉಪಾಯ ಪ್ರಾಚೀನ ಈಜಿಪ್ಟಿನ ಮರದ ಬೀಗದ್ದು, 1861ರಲ್ಲಿ ಅಮೆರಿಕದ ಲೈನಸ್ ಯೇಲ್ ಜೂನಿಯರ್ ಅದನ್ನು ಲೋಹದಲ್ಲಿ ಸುಧಾರಿಸಿ ಪೇಟೆಂಟ್ ಪಡೆದ. ಒಳಗೆ ತಿರುಗುವ ಉರುಳೆ, ಸಾಮಾನ್ಯವಾಗಿ ಐದಾರು ಜೊತೆ ಪಿನ್ನುಗಳು, ಅವುಗಳ ಮೇಲೆ ಸ್ಪ್ರಿಂಗ್.

[ರಟ್ಟಿನ ಮಾದರಿ]

ಹಳೆಯ ಮನೆಯ ಅಟ್ಟವನ್ನು ನೆನಪಿಸಿಕೊಳ್ಳಿ. ಕೆಳಗೆ ಐದು ಮಕ್ಕಳು ಸಾಲಾಗಿ ನಿಂತಿದ್ದಾರೆ, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಕಿಂಡಿ. ಅವರ ಕಾಲಡಿಯಿಂದ ಏರುತಗ್ಗಿನ ಹಲಗೆಯೊಂದನ್ನು ಎಳೆಯಬೇಕು. ಉಬ್ಬು ಬಂದಾಗ ಮಗು ಮೇಲೇರುತ್ತದೆ, ತಲೆ ಕಿಂಡಿಯೊಳಗೆ ತೂರುತ್ತದೆ, ಹಲಗೆ ಮುಂದೆ ಸಾಗುತ್ತದೆ. ಈಗ ಅಟ್ಟವನ್ನೇ ತುಸು ಪಕ್ಕಕ್ಕೆ ಸರಿಸಿ. ಕಿಂಡಿಗಳು ಹೋದವು, ತಲೆಗೆ ತಾಗುವುದು ಬರಿಯ ಮುಚ್ಚಿಗೆ. ಮಕ್ಕಳು ಏರಲಾರರು, ಹಲಗೆ ಅಲುಗದು. (ಅಂಥ ಕಿಂಡಿಗೆ ತಲೆ ಬಡಿಸಿಕೊಂಡೇ ನಾನು ಬೆಳೆದದ್ದು, ಹೋಲಿಕೆ ಅನುಭವದ್ದು.)

ಬೀಗದಲ್ಲಿ ಮಕ್ಕಳೆಂದರೆ ಪಿನ್ನುಗಳು, ಹಲಗೆಯೆಂದರೆ ಕೈ, ಅಟ್ಟವೆಂದರೆ ಉರುಳೆಯ ಸುತ್ತಲಿನ ಕವಚ. ಬೀಗ ಅರ್ಧ ತಿರುಗಿದಾಗ ಕೈ ಮುರಿದರೆ ಆಗುವುದು ಇದೇ. ತುಂಡು ಸಿಕ್ಕಿಕೊಂಡಿಲ್ಲ, ಪಿನ್ನುಗಳು ಅದರ ತಗ್ಗುಗಳಲ್ಲಿ ಕುಳಿತು ಹಿಡಿದಿವೆ. ಎಷ್ಟು ಎಳೆದರೂ ಬಾರದು. ಸಪೂರ ಸ್ಕ್ರೂಡ್ರೈವರಿನಿಂದ ಉರುಳೆಯನ್ನು ಮೊದಲು ಕೈ ತೂರಿಸುವ ಸ್ಥಾನಕ್ಕೆ ತಿರುಗಿಸಿ. ತುಂಡನ್ನು ಮಾತ್ರ ಒಳಕ್ಕೆ ತಳ್ಳಬೇಡಿ.

ಅತ್ತೆ ಆಗಲೇ ತೆಂಗಿನೆಣ್ಣೆಯ ಕುಪ್ಪಿ ತಂದಿದ್ದರು. ಕಿರುಗುಟ್ಟುವ ಬಾಗಿಲಿಗೂ ನೋಯುವ ತಲೆಗೂ ನಮ್ಮಲ್ಲಿ ಅದೇ ಮದ್ದು. ಆದರೆ ಬೀಗದೊಳಗೆ ಅದು ಧೂಳು ಹಿಡಿಯುತ್ತದೆ, ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಪೆನ್ಸಿಲ್ ಸೀಸವನ್ನು ಕೆರೆದ ಪುಡಿ ಸಾಕು, ಅದು ಗ್ರಾಫೈಟ್.

[ಗಡಿಯಾರ ನೋಡುತ್ತಾ]

ಸಮಯವಾಯಿತು, ಬೇಗ ಬೇಗ. ಅಯಸ್ಕಾಂತದ ಆಸೆ ಬಿಡಿ, ಇಂಥ ಕೈಗಳು ಹೆಚ್ಚಾಗಿ ಹಿತ್ತಾಳೆಯವು. ತುದಿ ಹೊರಗೆ ಕಂಡರೆ ಚಿಮಟ. ಇಲ್ಲವಾದರೆ ಕುಸುರಿ ಕೆಲಸದ ಸಪೂರ ಗರಗಸದ ಬ್ಲೇಡು: ಹಲ್ಲುಗಳು ನಿಮ್ಮ ಕಡೆಗೆ ಬಾಗಿರಲಿ, ತುಂಡಿನ ಕಚ್ಚುಗಳ ಬದಿಯಲ್ಲಿ ತೂರಿಸಿ, ತುಸು ಓರೆ ಮಾಡಿ, ನಿಧಾನವಾಗಿ ಎಳೆಯಿರಿ. ಅಂಟು ಬೇಡವೇ ಬೇಡ, ಪಿನ್ನುಗಳೇ ಅಂಟಿಕೊಂಡಾವು.

[ತುಂಡು ಹೊರಬರುತ್ತದೆ, ಒಳಗಿನಿಂದ ಅತ್ತೆಯ ದನಿ: "ಬಂತಾ?"]

ಬಂತು ಅತ್ತೆ. ಎರಡೂ ತುಂಡುಗಳನ್ನು ತೆಗೆದಿಡಿ, ಬೀಗದ ಕೈ ಮಾಡುವವರು ಜೋಡಿಸಿ ನೋಡಿ ಹೊಸತನ್ನು ಕಡೆದು ಕೊಡುತ್ತಾರೆ. ಅದನ್ನು ಮೊದಲ ಬಾರಿ ಹಾಕಿ ನೋಡುವಾಗ ಬಾಗಿಲು ತೆರೆದಿರಲಿ.