ಬಾಗಿಲು ಕಾಯುವ ಕೆಲಸಕ್ಕೆ ಸೇರಿ 37 ಧೂಮಕೇತು ಹಿಡಿದವರು

ಎಲ್ಲರಿಗೂ ನಮಸ್ಕಾರ. ಇವತ್ತು ಫ್ರಾನ್ಸಿನ ಮಾರ್ಸೇ ಊರಲ್ಲಿದ್ದೇನೆ. ಕೆಳಗೆ ಕಾಣುತ್ತಿರೋದು ಹಳೇ ಬಂದರು. ನಾನು ಹತ್ತುತ್ತಿರೋದು ಲೆ ಪಾನಿಯೆ ಅನ್ನೋ ಹಳೇ ಪೇಟೆಯ ಮೆಟ್ಟಿಲು ಓಣಿ. 1702ರಲ್ಲಿ ಜೆಸ್ಯೂಟ್ ಪಾದ್ರಿಗಳು ಇಲ್ಲೇ ಒಂದು ವೀಕ್ಷಣಾಲಯ ಶುರು ಮಾಡಿದರು. 1789ರಲ್ಲಿ, ಅತ್ತ ಪ್ಯಾರಿಸ್‌ನಲ್ಲಿ ಕ್ರಾಂತಿ ಹೊತ್ತಿಕೊಂಡ ವರ್ಷ, ಇಲ್ಲಿಗೆ ಹೊಸ ಬಾಗಿಲು ಕಾಯುವವರು ಬಂದರು. ಝಾನ್ ಲೂಯಿ ಪೋನ್ಸ್. ಓದು ಅಷ್ಟಕ್ಕಷ್ಟೇ. ಆದರೆ ಇಲ್ಲಿನ ನಿರ್ದೇಶಕರು ದೊಡ್ಡ ಮನಸ್ಸು ಮಾಡಿ ಅವರಿಗೆ ಆಕಾಶ ನೋಡೋದು ಕಲಿಸಿದರು.

ಧೂಮಕೇತು ಅಂದ ಕೂಡಲೇ ನಮಗೆ ಉದ್ದ ಬಾಲ ನೆನಪಾಗುತ್ತದೆ, ಅಲ್ವಾ? ಆದರೆ ದೂರದಲ್ಲಿರುವಾಗ ಬಾಲ ಕಾಣೋದೇ ಇಲ್ಲ. ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಮಸುಕು ಕಲೆ, ಅಷ್ಟೇ. ಅಂಥ ಕಲೆಗಳು ಆಕಾಶದಲ್ಲಿ ಬೇಕಾದಷ್ಟಿವೆ. ನೆಬ್ಯುಲಾ ಅನ್ನೋ ಅನಿಲ-ಧೂಳಿನ ಮೋಡಗಳು, ನಕ್ಷತ್ರಗುಚ್ಛಗಳು, ಗ್ಯಾಲಕ್ಸಿಗಳು. ಅವೆಲ್ಲ ಇದ್ದಲ್ಲೇ ಇರುತ್ತವೆ. ಧೂಮಕೇತು ಮಾತ್ರ ಮರುದಿನ ರಾತ್ರಿಗೆ ಸರಿದಿರುತ್ತದೆ. ಈ ಗೊಂದಲ ಬೇಡ ಅಂತಲೇ ಪ್ಯಾರಿಸ್‌ನ ಖಗೋಳಜ್ಞ ಶಾರ್ಲ್ ಮೆಸಿಯೆ ಅಂಥ ಕಲೆಗಳ ಒಂದು ಪಟ್ಟಿ ಮಾಡಿದ್ದರು. ಇವತ್ತಿಗೂ ಎಂ31, ಎಂ42 ಅಂತೀವಲ್ಲ, ಅವು ಆ ಪಟ್ಟಿಯ ನಂಬರುಗಳೇ; ಎಂ ಅಂದರೆ ಮೆಸಿಯೆ.

ಪೋನ್ಸ್ ಬಳಸುತ್ತಿದ್ದದ್ದು ತಾವೇ ಮಾಡಿಕೊಂಡ ದೂರದರ್ಶಕ. ಜಾಸ್ತಿ ಹಿಗ್ಗಿಸೋದಿಲ್ಲ, ಆದರೆ ಒಂದೇ ಸಲಕ್ಕೆ ಸುಮಾರು ಮೂರು ಡಿಗ್ರಿ ಆಕಾಶ ತೋರಿಸುತ್ತದೆ. ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ನಿಧಾನವಾಗಿ ಅತ್ತಿಂದಿತ್ತ ಗುಡಿಸುತ್ತಾ ಹೋಗಬೇಕು. ಯಾವ ನಕ್ಷತ್ರದ ಪಕ್ಕ ಏನಿದೆ ಅನ್ನೋದು ಅವರಿಗೆ ಬಾಯಿಪಾಠ. ಹೊಸದೇನಾದರೂ ಬಂದರೆ ತಕ್ಷಣ ಗೊತ್ತಾಗುತ್ತಿತ್ತು.

1801ರ ಜುಲೈ 11ರಂದು ಮೊದಲ ಧೂಮಕೇತು ಸಿಕ್ಕಿತು. ಮರುದಿನ ರಾತ್ರಿ ಪ್ಯಾರಿಸ್‌ನಲ್ಲಿ 71 ವರ್ಷದ ಮೆಸಿಯೆ ಕೂಡ ಅದನ್ನೇ ಕಂಡರು, ಇವರ ಸುದ್ದಿ ತಿಳಿಯದೆಯೇ. ಅದು ಮೆಸಿಯೆ ಅವರ ಕೊನೆಯ ಧೂಮಕೇತು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಆಮೇಲೆ ಪೋನ್ಸ್ ನಿಲ್ಲಲೇ ಇಲ್ಲ. 1827ರವರೆಗೆ ಒಟ್ಟು 37. ಕ್ಯಾಮೆರಾ ಇಲ್ಲದೆ, ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿ ಇಷ್ಟು ಧೂಮಕೇತು ಹುಡುಕಿದವರು ಇನ್ನೊಬ್ಬರಿಲ್ಲ. 1812ರ ಜುಲೈನಲ್ಲಿ ಇದೇ ಊರಿಂದ ಅವರು ಕಂಡದ್ದು ಸುಮಾರು 71 ವರ್ಷಕ್ಕೊಮ್ಮೆ ಬರುತ್ತದೆ. 2024ರಲ್ಲೂ ಬಂತು. ಪೋನ್ಸ್-ಬ್ರೂಕ್ಸ್ ಅಂತ ಹೆಸರು ಕೇಳಿರುತ್ತೀರಿ. ಆ ಏಪ್ರಿಲ್‌ನಲ್ಲಿ ಚಿತ್ರದುರ್ಗದ ಹತ್ತಿರ, ಹೊತ್ತು ಮುಳುಗಿದ ಮೇಲೆ, ಪಡುವಣದಲ್ಲಿ ಗುರು ಗ್ರಹದ ಪಕ್ಕ ಬೈನಾಕ್ಯುಲರ್ ಹಿಡಿದೆ. ಸಿಕ್ಕಿತು! ಪೋನ್ಸ್ ಕಂಡ ಅದೇ ಧೂಮಕೇತು.

ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು 1818ರ ನವೆಂಬರ್ 26ರ ಧೂಮಕೇತು. ಜರ್ಮನಿಯ ಯೋಹಾನ್ ಎಂಕೆ ಕೂತು ಅದರ ಲೆಕ್ಕ ಹಾಕಿದರು. ಸೂರ್ಯನ ಸುತ್ತ ಬರೋಕೆ ಬರೀ 3.3 ವರ್ಷ! ಅಷ್ಟು ಬೇಗ ಸುತ್ತೋ ಧೂಮಕೇತು ಯಾರಿಗೂ ಗೊತ್ತಿರಲಿಲ್ಲ. 1786ರಲ್ಲಿ ಫ್ರಾನ್ಸಿನ ಖಗೋಳಜ್ಞ ಮೆಶೆನ್, 1795ರಲ್ಲಿ ಇಂಗ್ಲೆಂಡಿನಲ್ಲಿದ್ದ ಖಗೋಳಜ್ಞೆ ಕ್ಯಾರೊಲಿನ್ ಹರ್ಷೆಲ್, 1805ರಲ್ಲಿ ಸ್ವತಃ ಪೋನ್ಸ್ ನೋಡಿದ್ದೂ ಇದನ್ನೇ ಅಂತ ಗೊತ್ತಾಯಿತು. 1822ಕ್ಕೆ ಮತ್ತೆ ಬರುತ್ತದೆ ಅಂದರು ಎಂಕೆ. ಬಂತು, ಆಸ್ಟ್ರೇಲಿಯಾದ ಪ್ಯಾರಮಾಟಾದಿಂದ ಕಂಡಿತು. ಜಗತ್ತು ಅದಕ್ಕೆ ಎಂಕೆ ಧೂಮಕೇತು ಅಂತ ಹೆಸರಿಟ್ಟಿತು. ಎಂಕೆ ಮಾತ್ರ ಅದನ್ನು ಪೋನ್ಸ್ ಧೂಮಕೇತು ಅಂತಲೇ ಕರೆಯುತ್ತಿದ್ದರು. ಎಂಥ ದೊಡ್ಡ ಗುಣ ನೋಡಿ.

ಬಾಗಿಲು ಕಾಯುತ್ತಿದ್ದವರು 1813ರಲ್ಲಿ ಇಲ್ಲೇ ಸಹಾಯಕ ಖಗೋಳಜ್ಞರಾದರು. 1819ರಲ್ಲಿ ಇಟಲಿಯ ಲುಕ್ಕಾ ಹತ್ತಿರದ ಮಾರ್ಲಿಯಾದಲ್ಲಿ ಹೊಸ ವೀಕ್ಷಣಾಲಯಕ್ಕೆ ನಿರ್ದೇಶಕರಾಗಿ ಹೋದರು. ಆಮೇಲೆ ಫ್ಲಾರೆನ್ಸ್. 1831ರಲ್ಲಿ ಅಲ್ಲೇ ತೀರಿಕೊಂಡರು.

ಎಂಕೆ ಧೂಮಕೇತು 2027ರ ಫೆಬ್ರವರಿಯಲ್ಲಿ ಮತ್ತೆ ಸೂರ್ಯನ ಹತ್ತಿರ ಬರುತ್ತದೆ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಈಗಲೇ ಒರೆಸಿಡಿ. ಊರ ದೀಪಗಳಿಂದ ದೂರ ಹೋಗಿ ಹುಡುಕೋಣ. ಕಂಡರೆ ಪಕ್ಕದಲ್ಲಿದ್ದವರಿಗೆ ಪೋನ್ಸ್ ಧೂಮಕೇತು ಅಂತಲೇ ತೋರಿಸಿ.