ಸೀನಿದರೆ ಮೂತ್ರ ಜಿನುಗುತ್ತದೆಯೇ? ತಾಯಂದಿರ ಜೊತೆ ಒಂದು ಮಾತು

ಎಲ್ಲರಿಗೂ ನಮಸ್ಕಾರ.

ಮೊನ್ನೆ ಒಬ್ಬ ತಾಯಿ ಒಂಬತ್ತು ತಿಂಗಳ ಮಗುವಿಗೆ ದಡಾರದ ಲಸಿಕೆ ಹಾಕಿಸಲು ಬಂದಿದ್ದರು. ಮಾತಾಡುತ್ತಿದ್ದಾಗ ಸೀನು ಬಂತು. ತಕ್ಷಣ ಎರಡೂ ಕಾಲು ಕತ್ತರಿ ಹಾಕಿ ನಿಂತುಬಿಟ್ಟರು. ಏನಮ್ಮ ಅಂತ ಕೇಳಿದೆ. "ಹೆರಿಗೆ ಆದಾಗಿಂದ ಹೀಗೇ ಮೇಡಂ. ಮದುವೆ ಮನೆಗೆ ಹೋದ್ರೂ ಬಾಗಿಲ ಹತ್ರಾನೇ ಕೂರ್ತೀನಿ" ಅಂದರು. ಗಂಡನಿಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ.

ಹೆರಿಗೆಯಾದ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗೆ ಮೂತ್ರ ಜಿನುಗುತ್ತದೆ. ಆದರೂ ಯಾರೂ ಬಾಯಿ ಬಿಡುವುದಿಲ್ಲ. ನನಗೆ ತುಂಬ ಬೇಸರ ತರುವ ವಿಷಯ ಇದು.

ಮಗುವಿಗೆ ಸೀರೆಯ ಜೋಲಿ ಕಟ್ಟುತ್ತೇವಲ್ವಾ? ನಮ್ಮ ಸೊಂಟದೊಳಗೂ ಅಂಥದ್ದೊಂದು ಜೋಲಿ ಇದೆ. ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಸ್ನಾಯುಗಳು ಹರಡಿಕೊಂಡಿವೆ. ಇದನ್ನೇ ಡಾಕ್ಟರುಗಳು ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಹೊತ್ತಿರುವುದು ಇದೇ.

ಬಸುರಿನಲ್ಲಿ ತಿಂಗಳು ತಿಂಗಳಿಗೂ ಜೋಲಿಯ ಮೇಲೆ ಭಾರ ಜಾಸ್ತಿ ಆಗುತ್ತದೆ. ಹಾರ್ಮೋನುಗಳು ಕಟ್ಟುಗಳನ್ನು ಸಡಿಲ ಮಾಡುತ್ತವೆ. ಹಾಗಾಗಿ ಕೆಲವರಿಗೆ ಹೆರಿಗೆಗೆ ಮೊದಲೇ ಜಿನುಗಲು ಶುರುವಾಗುತ್ತದೆ. ಸಿಸೇರಿಯನ್ ಆದವರಿಗೆ ಈ ತೊಂದರೆ ಕಡಿಮೆ, ಆದರೆ ಬರುವುದೇ ಇಲ್ಲ ಅಂತಲ್ಲ.

ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಈ ಜೋಲಿಯ ಒಳಅಂಚಿನ ಸ್ನಾಯು ತನ್ನ ಉದ್ದದ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಬೇಕಾಗುತ್ತದೆ. ಅಲ್ಲಿನ ನರವೂ ಎಳೆದಂತಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಸುಧಾರಿಸುತ್ತದೆ. ಮಗು ದಪ್ಪ ಇದ್ದರೆ, ತುಂಬ ಹೊತ್ತು ಮುಕ್ಕಿದ್ದರೆ, ಮಗುವಿನ ತಲೆ ಹಿಡಿದು ಎಳೆಯುವ ಇಕ್ಕಳ, ಅಂದರೆ ಫೋರ್ಸೆಪ್ಸ್ ಹಾಕಿದ್ದರೆ ಪೆಟ್ಟು ಹೆಚ್ಚು.

ಬಾಣಂತನದ ಬಗ್ಗೆ ಒಂದು ಮಾತು. ಹೊಟ್ಟೆಗೆ ಸೀರೆ ಬಿಗಿದು ಕಟ್ಟುವುದರಿಂದ ಈ ಸ್ನಾಯುಗಳಿಗೆ ಬಲ ಬರುವುದಿಲ್ಲ. ಬಾಣಂತಿಗೆ ನೀರು ಕೊಡಬಾರದು ಅನ್ನುವುದಂತೂ ಬೇಡವೇ ಬೇಡ. ನೀರು ಕಡಿಮೆಯಾದರೆ ಮಲಬದ್ಧತೆ, ಆಮೇಲೆ ದಿನಾ ಮುಕ್ಕುವುದು. ಮುಕ್ಕಿದಾಗೆಲ್ಲ ಜೋಲಿ ಕೆಳಗೆ ಜಗ್ಗುತ್ತದೆ. ತುಂಬಿದ ಬಿಂದಿಗೆ ಎತ್ತುವ ಕೆಲಸವನ್ನೂ ಕೆಲವು ತಿಂಗಳು ಮನೆಯ ಬೇರೆಯವರು ಮಾಡಲಿ.

ಸ್ನಾಯುವಿಗೆ ಬಲ ಕೊಡುವುದು ವ್ಯಾಯಾಮ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೀಗಲ್ 1948ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಇದಕ್ಕೆ ನಿಂತಿದೆ. ಕೂತಲ್ಲೇ ಮಾಡಿ ನೋಡೋಣ. ನಾಲ್ಕು ಜನರ ಮುಂದೆ ಗಾಳಿ ಹೋಗದಂತೆ ತಡೆಯುತ್ತೇವಲ್ಲ, ಹಾಗೆ ಬಿಗಿ ಹಿಡಿದು ಒಳಕ್ಕೆ, ಮೇಲಕ್ಕೆ ಎಳೆಯಿರಿ. ಉಸಿರು ಕಟ್ಟಬೇಡಿ. ತೊಡೆ, ಪೃಷ್ಠ ಬಿಗಿಯಬೇಡಿ. ಐದು ಎಣಿಸಿ, ಪೂರ್ತಿ ಸಡಿಲ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಗುವಿಗೆ ಹಾಲು ಕುಡಿಸುವಾಗ ಮಾಡಿದರೆ ಮರೆಯುವುದಿಲ್ಲ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ. ಸೀನು, ಕೆಮ್ಮು ಬರುವ ಮೊದಲು ಒಮ್ಮೆ ಬಿಗಿ ಹಿಡಿಯುವುದನ್ನೂ ರೂಢಿ ಮಾಡಿಕೊಳ್ಳಿ.

ಕೆಳಗೆ ಗಡ್ಡೆ ಜಾರಿದಂತೆ ಅನ್ನಿಸಿದರೆ, ಮಲ ತಡೆಯಲು ಆಗದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಗರ್ಭಕೋಶ ಜಾರಿದೆ ಅಂದ ಮಾತ್ರಕ್ಕೆ ಅದನ್ನು ತೆಗೆಸಲೇಬೇಕು ಅಂತಿಲ್ಲ. ವ್ಯಾಯಾಮ ಇದೆ, ಗರ್ಭಕೋಶ ಜಾರದಂತೆ ಒಳಗೆ ಇಡುವ ರಿಂಗ್ ಇದೆ.

ಇಲ್ಲಿ ಎಲ್ಲರ ಮುಂದೆ ಕೇಳಲು ಸಂಕೋಚ ಆಗುತ್ತದೆ, ನನಗೆ ಗೊತ್ತು. ಸಭೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಕೂತಿರುತ್ತೇನೆ. ಒಬ್ಬೊಬ್ಬರೇ ಬನ್ನಿ.