ಶಾಖದ ಲೆಕ್ಕ ಮೊದಲು: ರಾಸಾಯನಿಕ ರಿಯಾಕ್ಟರುಗಳ ಮಾದರಿಯನ್ನು ಕುರಿತು

ಮಾನ್ಯ ಪ್ರಾಧ್ಯಾಪಕರೇ, ಕಾರ್ಖಾನೆಗಳಿಂದ ಬಂದಿರುವ ಎಂಜಿನಿಯರ್ ಮಿತ್ರರೇ, ವಿದ್ಯಾರ್ಥಿಗಳೇ,

ಈ ಸಭಾಂಗಣಕ್ಕೆ ಬರುವ ಮೊದಲು ಅಂತಿಮ ವರ್ಷದ ವಿದ್ಯಾರ್ಥಿಗಳು ಹೊರಗೆ ಹಾಕಿರುವ ಪೋಸ್ಟರುಗಳನ್ನು ಓದಿಕೊಂಡು ಬಂದೆ. ಶ್ರಮಪಟ್ಟು ಮಾಡಿದ ಕೆಲಸ, ಅಚ್ಚುಕಟ್ಟಾದ ನಕ್ಷೆಗಳು, ಸಮೀಕರಣಗಳನ್ನು ಬಿಡಿಸಿರುವ ರೀತಿಯೂ ಸರಿಯಾಗಿದೆ. ಆದರೆ ಇಳುವರಿಯನ್ನು ಗರಿಷ್ಠಗೊಳಿಸಲು ಹೊರಟ ಪೋಸ್ಟರುಗಳ ಪೈಕಿ ಹೆಚ್ಚಿನವು ಕ್ರಿಯೆ ನಡೆಯುವ ಪಾತ್ರೆಯಾದ ರಿಯಾಕ್ಟರಿನ ಉಷ್ಣತೆ ಸ್ಥಿರವಾಗಿರುತ್ತದೆ ಎಂದು ಮೊದಲ ಸಾಲಿನಲ್ಲೇ ಭಾವಿಸಿಕೊಂಡು ಮುಂದುವರಿದಿವೆ. ಆ ಒಂದು ಸಾಲಿನ ಬಗ್ಗೆಯೇ ಇಂದು ಮಾತನಾಡಬೇಕೆಂದು ತೀರ್ಮಾನಿಸಿದೆ. ಕ್ರಿಯೆಯಲ್ಲಿ ಹುಟ್ಟಿದ ಶಾಖ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆಯುವ ತನಕ ಇಳುವರಿಯ ಲೆಕ್ಕಕ್ಕೆ ಕೈ ಹಾಕಬಾರದು ಎಂಬುದು ನನ್ನ ದೃಢವಾದ ನಂಬಿಕೆ, ಮತ್ತು ಮುಂದಿನ ಒಂದು ಗಂಟೆಯಲ್ಲಿ ನಾನು ಎಲ್ಲಿಂದ ಹೊರಟರೂ ಈ ಪ್ರಶ್ನೆಗೇ ಮರಳುತ್ತೇನೆ.

ಕಾರಣ ನಿಮಗೆ ತಿಳಿದದ್ದೇ. ಬಹಿರುಷ್ಣಕ, ಅಂದರೆ ಶಾಖ ಬಿಡುವ ಕ್ರಿಯೆಯೊಂದರಲ್ಲಿ ಶಾಖ ಹುಟ್ಟುವ ವೇಗ ಉಷ್ಣತೆಯೊಂದಿಗೆ ಘಾತೀಯವಾಗಿ ಏರುತ್ತದೆ. ರಿಯಾಕ್ಟರಿನ ಸುತ್ತ ಇರುವ ಜಾಕೆಟ್ಟೆಂಬ ಹೊರಕವಚದ ನೀರು ಶಾಖವನ್ನು ಹೊತ್ತೊಯ್ಯುವ ವೇಗ ಸರಳರೇಖೆಯಲ್ಲಿ ಮಾತ್ರ ಏರುತ್ತದೆ. ಕ್ರಿಯೆ ನಡೆಯಲು ಅಣುಗಳು ದಾಟಬೇಕಾದ ಶಕ್ತಿಯ ತಡೆ, ಅಂದರೆ ಸಕ್ರಿಯಣ ಶಕ್ತಿ, ಒಂದು ಮೋಲಿಗೆ 50 ಕಿಲೋಜೂಲ್ ಇದ್ದರೆ, ಕೋಣೆಯ ಉಷ್ಣತೆಯಿಂದ ಹತ್ತು ಡಿಗ್ರಿ ಏರಿದಾಗ ವೇಗ ಸುಮಾರು ಎರಡರಷ್ಟಾಗುತ್ತದೆ. 80 ಕಿಲೋಜೂಲ್ ಇದ್ದರೆ ಹೆಚ್ಚುಕಡಿಮೆ ಮೂರರಷ್ಟಾಗುತ್ತದೆ. ಘಾತೀಯ ರೇಖೆಯೂ ಸರಳರೇಖೆಯೂ ಒಂದನ್ನೊಂದು ಮುಟ್ಟುವ ಬಿಂದುವೇ ಸ್ಫೋಟದ ಹೊಸ್ತಿಲು ಎಂದು ರಷ್ಯದ ರಸಾಯನಶಾಸ್ತ್ರಜ್ಞ ಸೆಮೆನೋವ್ 1928ರಷ್ಟು ಹಿಂದೆಯೇ ತೋರಿಸಿಕೊಟ್ಟರು. 1953ರಲ್ಲಿ ನೆದರ್ಲೆಂಡ್ಸಿನ ವಾನ್ ಹೀರ್ಡನ್ ಅದನ್ನೇ ನಿರಂತರವಾಗಿ ನಡೆಯುವ ರಿಯಾಕ್ಟರಿಗೆ ಅನ್ವಯಿಸಿದಾಗ, ಶಾಖ ಹುಟ್ಟುವ ರೇಖೆ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿ, ಶಾಖ ಹೊರಹೋಗುವ ರೇಖೆಯನ್ನು ಮೂರು ಕಡೆ ಕತ್ತರಿಸಬಹುದೆಂದು ಕಂಡಿತು. ಅಂದರೆ ಒಂದೇ ಹರಿವು, ಒಂದೇ ಒಳಬರುವ ಉಷ್ಣತೆ ಇದ್ದರೂ ರಿಯಾಕ್ಟರ್ ತಣ್ಣಗೆ ಮಲಗಿರಬಹುದು, ಬಿಸಿಯಾಗಿ ದುಡಿಯುತ್ತಿರಬಹುದು; ನಡುವಿನ ಸ್ಥಿತಿಯಲ್ಲಿ ಮಾತ್ರ ತಾನಾಗಿ ನಿಲ್ಲಲಾರದು. ಎರಡು ವರ್ಷಗಳ ನಂತರ ಬಿಲಸ್ ಮತ್ತು ಅಮುಂಡ್ಸನ್ ಎಂಬ ಸಂಶೋಧಕರು ಈ ಅಸ್ಥಿರತೆಗೆ ಗಣಿತದ ಪೂರ್ಣ ರೂಪ ಕೊಟ್ಟರು. ಕೊಳವೆ ರಿಯಾಕ್ಟರಿನ ಗೋಡೆಯ ಉಷ್ಣತೆ ಕೆಲವೇ ಡಿಗ್ರಿ ಬದಲಾದಾಗ ಒಳಗಿನ ಅತಿ ಬಿಸಿಯ ಜಾಗ ಎಷ್ಟು ಹಿಂಸ್ರವಾಗಿ ಮೇಲೇರುತ್ತದೆ ಎಂಬುದನ್ನೂ ಅವರ ಮುಂದಿನ ಕೆಲಸ ತೋರಿಸಿತು.

ಇವೆಲ್ಲ ಪಠ್ಯದಲ್ಲಿವೆ, ಪರೀಕ್ಷೆಯಲ್ಲೂ ಬರುತ್ತವೆ. ಹಾಗಿದ್ದೂ ಏನಾಗುತ್ತದೆ ಎಂಬುದಕ್ಕೆ ಒಂದು ಘಟನೆಯನ್ನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ನಗರದಲ್ಲಿ ಟಿ2 ಲ್ಯಾಬೊರೇಟರೀಸ್ ಎಂಬ ಚಿಕ್ಕ ಕಾರ್ಖಾನೆ ಇತ್ತು. ಸ್ಥಾಪಿಸಿದವರಲ್ಲಿ ಒಬ್ಬರು ರಸಾಯನಶಾಸ್ತ್ರಜ್ಞರು, ಇನ್ನೊಬ್ಬರು ಕೆಮಿಕಲ್ ಎಂಜಿನಿಯರ್. ಪೆಟ್ರೋಲಿಗೆ ಬೆರೆಸುವ ಮ್ಯಾಂಗನೀಸಿನ ಸಂಯುಕ್ತವೊಂದನ್ನು ಅವರು ತಯಾರಿಸುತ್ತಿದ್ದರು. ಮೊದಲ ಹಂತದಲ್ಲಿ ಸೋಡಿಯಂ ಲೋಹ, ಮೀಥೈಲ್‌ಸೈಕ್ಲೊಪೆಂಟಾಡೈಈನ್ ಮತ್ತು ಡೈಗ್ಲೈಮ್ ಎಂಬ ದ್ರಾವಕ ಇಷ್ಟನ್ನೂ ಒಟ್ಟಿಗೇ ರಿಯಾಕ್ಟರಿಗೆ ತುಂಬಿ ಬಿಸಿ ಮಾಡುತ್ತಾರೆ. ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೋಡಿಯಂ ಕರಗುತ್ತದೆ, ಕಲಕುವ ಯಂತ್ರ ಶುರುವಾಗುತ್ತದೆ, ಕ್ರಿಯೆ ತಾನೇ ಶಾಖ ಹುಟ್ಟಿಸಿಕೊಂಡು ಮೇಲೇರುತ್ತದೆ. ಸುಮಾರು 150 ಡಿಗ್ರಿಯಲ್ಲಿ ಬಿಸಿ ಮಾಡುವುದನ್ನು ನಿಲ್ಲಿಸಬೇಕು, 180 ದಾಟುವಾಗ ಜಾಕೆಟ್ಟಿಗೆ ನೀರು ಬಿಟ್ಟು ತಣಿಸಬೇಕು. ಆ ನೀರು ನಗರದ ನಲ್ಲಿಯಿಂದ ಬರುತ್ತಿತ್ತು. ಅದಕ್ಕೆ ಬದಲಿ ವ್ಯವಸ್ಥೆ ಯಾವುದೂ ಇರಲಿಲ್ಲ.

ಪ್ರಯೋಗಾಲಯದಲ್ಲಿ ಒಂದು ಲೀಟರಿನ ಪಾತ್ರೆಯಲ್ಲಿ ನೂರಕ್ಕೂ ಹೆಚ್ಚು ಪರೀಕ್ಷೆಗಳನ್ನು ಮಾಡಿಯೇ ಅವರು ಕಾರ್ಖಾನೆಗೆ ಇಳಿದಿದ್ದರು. ಕಾರ್ಖಾನೆಯ ರಿಯಾಕ್ಟರಿನ ಗಾತ್ರ ಸುಮಾರು 9,000 ಲೀಟರ್. ಇಲ್ಲಿ ನಿಲ್ಲಿ. ಶಾಖ ಹುಟ್ಟುವುದು ಘನಗಾತ್ರದಲ್ಲಿ, ಹೊರಹೋಗುವುದು ಮೇಲ್ಮೈಯಲ್ಲಿ. ಗಾತ್ರ 9,000 ಪಟ್ಟು ಹೆಚ್ಚಿದಾಗ, ಒಂದೊಂದು ಲೀಟರಿನ ಪಾಲಿಗೆ ಬರುವ ಮೇಲ್ಮೈ ಸುಮಾರು 21ನೇ ಒಂದು ಭಾಗಕ್ಕೆ ಇಳಿಯುತ್ತದೆ. ಮನೆಯ ಪಾತ್ರೆಯ ಸಾರು ಊಟ ಮುಗಿಯುವ ಹೊತ್ತಿಗೆ ಆರಿಹೋದರೂ, ಮದುವೆ ಮನೆಯ ಹಂಡೆಯ ಸಾರು ಕೊನೆಯ ಪಂಕ್ತಿಯವರ ನಾಲಿಗೆಯನ್ನೂ ಸುಡುವುದು ಇದೇ ಕಾರಣಕ್ಕೆ. ಗಾಜಿನ ಪಾತ್ರೆಯಲ್ಲಿ ತಣಿಸುವ ಸಾಮರ್ಥ್ಯ ಎಷ್ಟು ಧಾರಾಳವಾಗಿತ್ತೆಂದರೆ ಅಪಾಯ ಅಲ್ಲಿ ಮುಖ ತೋರಿಸುವ ಸಂದರ್ಭವೇ ಬರಲಿಲ್ಲ.

42ನೇ ಬ್ಯಾಚಿನಿಂದ ಅವರು ಬ್ಯಾಚಿನ ಗಾತ್ರವನ್ನು, ಅಂದರೆ ಒಂದು ಸಲಕ್ಕೆ ತುಂಬುವ ಪ್ರಮಾಣವನ್ನು, ಮೂರನೇ ಒಂದರಷ್ಟು ಹೆಚ್ಚಿಸಿದರು. ಉತ್ಪಾದನೆಯ ದೃಷ್ಟಿಯಿಂದ ಅದು ಸಹಜವಾದ ಸುಧಾರಣೆ. ನಿಮ್ಮಲ್ಲಿ ಎಷ್ಟೋ ಮಂದಿಯನ್ನು ನಾಳೆ ಮ್ಯಾನೇಜರುಗಳು ಕೇಳುವುದೂ ಅದನ್ನೇ. ಶಾಖ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಆ ದಿನ ಹೊಸದಾಗಿ ಕೇಳಬೇಕಿತ್ತು. 2007ರ ಡಿಸೆಂಬರ್ 19ರಂದು 175ನೇ ಬ್ಯಾಚು ನಡೆಯುತ್ತಿದ್ದಾಗ, ಮಧ್ಯಾಹ್ನ 1 ಗಂಟೆ 23 ನಿಮಿಷಕ್ಕೆ ತಣಿಸುವ ವ್ಯವಸ್ಥೆಯಲ್ಲಿ ತೊಂದರೆಯಾಗಿದೆ ಎಂದು ಮಾಲೀಕರಿಗೆ ಕರೆ ಹೋಯಿತು. ಹತ್ತು ನಿಮಿಷಗಳ ನಂತರ ರಿಯಾಕ್ಟರ್ ಸಿಡಿಯಿತು. ನಾಲ್ವರು ಸತ್ತರು, ಅವರಲ್ಲಿ ಮಾಲೀಕರೊಬ್ಬರೂ ಸೇರಿದ್ದರು. 32 ಜನ ಗಾಯಗೊಂಡರು, ಅವರಲ್ಲಿ ಹೆಚ್ಚಿನವರು ಆ ಕಾರ್ಖಾನೆಗೆ ಸಂಬಂಧಪಡದ ಅಕ್ಕಪಕ್ಕದವರು.

ತನಿಖೆ ನಡೆಸಿದ ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ಕಂಡುಕೊಂಡ ಸಂಗತಿಯನ್ನು ಗಮನವಿಟ್ಟು ಕೇಳಿ. ಬೇಕಾದ ಕ್ರಿಯೆಯ ಹಿಂದೆ ಬೇಡದ ಇನ್ನೊಂದು ಕ್ರಿಯೆ ಅಡಗಿತ್ತು. ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ ಸೋಡಿಯಂ ದ್ರಾವಕದೊಂದಿಗೇ ಕ್ರಿಯೆಗೆ ಇಳಿಯುತ್ತದೆ, ಮತ್ತು ಮೊದಲನೆಯದಕ್ಕಿಂತ ಎಷ್ಟೋ ತೀವ್ರವಾಗಿ. ತಣಿಸಲು ಶುರುಮಾಡುವ ಉಷ್ಣತೆಗೂ ಈ ಎರಡನೆಯ ಕ್ರಿಯೆಯ ಹೊಸ್ತಿಲಿಗೂ ನಡುವೆ ಇದ್ದದ್ದು ಇಪ್ಪತ್ತು ಡಿಗ್ರಿಗೂ ಕಡಿಮೆ ಅಂತರ. ಅವರು ಬಳಸುತ್ತಿದ್ದ ಸಮೀಕರಣಗಳಲ್ಲಿ ಈ ಎರಡನೆಯ ಕ್ರಿಯೆ ಇರಲೇ ಇಲ್ಲ, ಹಾಗಾಗಿ ಯಾವ ಕಂಪ್ಯೂಟರೂ ಅದನ್ನು ತೋರಿಸುತ್ತಿರಲಿಲ್ಲ. ಮಂಡಳಿ 2009ರ ತನ್ನ ವರದಿಯಲ್ಲಿ, ಕೆಮಿಕಲ್ ಎಂಜಿನಿಯರಿಂಗ್ ಪದವಿಯ ಪಠ್ಯಕ್ರಮದಲ್ಲೇ ಕ್ರಿಯಾಜನ್ಯ ಅಪಾಯಗಳ ಪಾಠ ಸೇರಬೇಕೆಂದು ಶಿಫಾರಸು ಮಾಡಿತು. ಅಪಘಾತವೊಂದರ ತನಿಖೆ ತರಗತಿಯ ಬಾಗಿಲಿಗೆ ಬಂದು ನಿಲ್ಲುವುದು ಅಪರೂಪ, ಪಾಠ ಹೇಳಿದವನಾಗಿ ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಬೀದರಿನ ಕೊಳ್ಹಾರ, ಯಾದಗಿರಿಯ ಕಡೇಚೂರು, ಮಂಗಳೂರಿನ ಬೈಕಂಪಾಡಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಒಳಗೋಡೆಗೆ ಗಾಜಿನ ಲೇಪವಿರುವ ಗ್ಲಾಸ್ ಲೈನ್ಡ್ ರಿಯಾಕ್ಟರುಗಳ ಮುಂದೆ ಶಿಫ್ಟಿನಲ್ಲಿ ನಿಲ್ಲಲಿರುವವರು ಇದನ್ನು ಬರೆದುಕೊಳ್ಳಬೇಕು. ಕ್ರಿಯೆ ಒಂದು ಮೋಲಿಗೆ 150 ಕಿಲೋಜೂಲ್ ಬಿಡುತ್ತದೆ, ಸಾಂದ್ರತೆ ಲೀಟರಿಗೆ 2 ಮೋಲ್, ಮಿಶ್ರಣದ ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು 1.8 ಕಿಲೋಜೂಲ್ ಬೇಕು ಎಂದಿಟ್ಟುಕೊಳ್ಳಿ. 300ನ್ನು 1.8ರಿಂದ ಭಾಗಿಸಿದರೆ 167 ಡಿಗ್ರಿ. ಎಲ್ಲವನ್ನೂ ಒಟ್ಟಿಗೆ ತುಂಬಿದ್ದು, ತಣಿಸುವ ನೀರು ಆ ಕ್ಷಣದಲ್ಲಿ ನಿಂತುಹೋದರೆ ಬ್ಯಾಚು ಅಷ್ಟು ಏರಬಲ್ಲದು. ಅದೇ ಕ್ರಿಯೆಯಲ್ಲಿ ಒಂದು ಪದಾರ್ಥವನ್ನು ನಿಧಾನವಾಗಿ ಸುರಿಯುತ್ತ ಹೋಗಿ, ಕ್ರಿಯೆಗೊಳ್ಳದೆ ಉಳಿದ ಭಾಗ ಯಾವ ಹೊತ್ತಿನಲ್ಲೂ ಒಟ್ಟಿನ ಶೇಕಡಾ 20 ದಾಟದಂತೆ ನೋಡಿಕೊಂಡರೆ, ನೀರು ನಿಂತ ಕೂಡಲೇ ಸುರಿಯುವುದನ್ನೂ ನಿಲ್ಲಿಸಿದಾಗ ಏರಿಕೆ ಸುಮಾರು 33 ಡಿಗ್ರಿಗೆ ಮುಗಿಯುತ್ತದೆ. ಶೇಖರಣೆ ಎಂದು ನಾವು ಕರೆಯುವುದು ಈ ಉಳಿದ ಭಾಗವನ್ನೇ. ಇಲ್ಲಿ ಒಂದು ಭ್ರಮೆ ತುಂಬ ಹಳೆಯದು: ತಣ್ಣಗಿದ್ದಷ್ಟೂ ಕ್ಷೇಮ ಎಂದು ಉಷ್ಣತೆಯನ್ನು ಇಳಿಸಿ ಸುರಿಯುವವರಿದ್ದಾರೆ. ಉಷ್ಣತೆ ಇಳಿದರೆ ಕ್ರಿಯೆ ಮಂದವಾಗುತ್ತದೆ, ಸುರಿದದ್ದು ಹಾಗೆಯೇ ಸೇರಿಕೊಳ್ಳುತ್ತದೆ, ಕೊನೆಗೆ ಒಮ್ಮೆ ಹೊತ್ತಿಕೊಂಡಾಗ ನೀವು 33ರ ಬದಲು 167ರ ಕಡೆಗೆ ಹೊರಟಿರುತ್ತೀರಿ.

ಉತ್ತಮೀಕರಣದ, ಅಂದರೆ ಅತ್ಯುತ್ತಮ ಸ್ಥಿತಿಯನ್ನು ಹುಡುಕುವ, ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರು ಗಡಿಯಾರ ನೋಡುತ್ತಿರುವುದು ಕಾಣುತ್ತಿದೆ. ಅಮೋನಿಯಾ ರಿಯಾಕ್ಟರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1913ರಲ್ಲಿ ಜರ್ಮನಿಯ ಓಪ್ಪೌದಲ್ಲಿ ಶುರುವಾದ ಈ ತಯಾರಿಕೆ ನಮ್ಮ ಪಣಂಬೂರಿನ ರಸಗೊಬ್ಬರ ಕಾರ್ಖಾನೆಗೂ ಆಧಾರ. ಉಷ್ಣತೆ ಏರಿದರೆ ಕಬ್ಬಿಣದ ವೇಗವರ್ಧಕದ ಮೇಲೆ ಕ್ರಿಯೆ ಚುರುಕಾಗುತ್ತದೆ, ಆದರೆ ಎರಡೂ ದಿಕ್ಕಿನಲ್ಲಿ ನಡೆಯುವ ಈ ಕ್ರಿಯೆಯ ಸಮತೋಲ ಅಮೋನಿಯಾದ ವಿರುದ್ಧ ವಾಲುತ್ತದೆ. ಆದ್ದರಿಂದ ಅನಿಲದಲ್ಲಿ ಅಮೋನಿಯಾದ ಪಾಲು ಎಷ್ಟಿದೆಯೋ ಅದಕ್ಕೆ ತಕ್ಕಂತೆ ವೇಗ ಗರಿಷ್ಠವಾಗುವ ಒಂದು ಉಷ್ಣತೆ ಇರುತ್ತದೆ, ಮತ್ತು ಪಾಲು ಹೆಚ್ಚಿದಂತೆ ಆ ಉಷ್ಣತೆ ಕೆಳಗಿಳಿಯುತ್ತದೆ. ಅನಿಲಕ್ಕೋ ತನ್ನದೇ ಶಾಖದಿಂದ ಮೇಲೇರುವ ಸ್ವಭಾವ. ಈ ವಿರೋಧವನ್ನು ನಿಭಾಯಿಸುವುದಕ್ಕಾಗಿಯೇ ವೇಗವರ್ಧಕವನ್ನು ಹಲವು ಹಾಸುಗಳಾಗಿ ಒಡೆದು, ನಡುನಡುವೆ ತಣ್ಣನೆಯ ಅನಿಲ ಬೆರೆಸಿಯೋ ಶಾಖ ವಿನಿಮಯಕದ ಮೂಲಕವೋ ಉಷ್ಣತೆಯನ್ನು ಇಳಿಸುತ್ತಾರೆ.

ಹೊರಹೋಗುವ ಬಿಸಿ ಅನಿಲ ಒಳಬರುವ ಅನಿಲವನ್ನು ಕಾಯಿಸುವುದರಿಂದ ಈ ರಿಯಾಕ್ಟರ್ ತನ್ನ ಶಾಖದಲ್ಲೇ ಬದುಕುತ್ತದೆ. ಇಲ್ಲಿಯೂ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ: ಅದು ಬಂದ ದಾರಿಗೇ ಮರಳುತ್ತದೆ. ವಾನ್ ಹೀರ್ಡನ್ ಅವರ ರೇಖೆಗಳನ್ನು ಬರೆದು ನೋಡಿದರೆ, ಹೆಚ್ಚು ಅಮೋನಿಯಾ ಕೊಡುವ ಸ್ಥಿತಿ ರಿಯಾಕ್ಟರ್ ಆರಿಹೋಗುವ ಅಂಚಿಗೆ ತೀರಾ ಸಮೀಪದಲ್ಲಿ ಕುಳಿತಿರುತ್ತದೆ. 1989ರಲ್ಲಿ ಜರ್ಮನಿಯ ಕಾರ್ಖಾನೆಯೊಂದರಲ್ಲಿ ಒತ್ತಡ ಕುಸಿದಾಗ ಇಂಥ ರಿಯಾಕ್ಟರಿನ ಉಷ್ಣತೆ ದೊಡ್ಡ ಪ್ರಮಾಣದಲ್ಲಿ ಓಲಾಡತೊಡಗಿತು. ನಾರ್ವೆಯ ಮೊರುಡ್ ಮತ್ತು ಸ್ಕೋಗೆಸ್ಟಾಡ್ 1998ರಲ್ಲಿ ಅದನ್ನು ವಿಶ್ಲೇಷಿಸಿ, ಶಾಖ ವಿನಿಮಯಕದ ಮೂಲಕ ಶಾಖ ಒಳಕ್ಕೆ ಮರಳುವುದೂ, ಹಾಸುಗಳ ಉಷ್ಣತೆ ಮೊದಲು ವಿರುದ್ಧ ದಿಕ್ಕಿಗೆ ಸರಿಯುವ ಸ್ಪಂದನವೂ ಕೂಡಿ ಈ ಓಲಾಟವನ್ನು ಹುಟ್ಟಿಸಿದವೆಂದು ತೋರಿಸಿದರು. ಸ್ಥಿರ ಸ್ಥಿತಿಯ ಮಾದರಿಯೊಂದನ್ನೇ ಇಟ್ಟುಕೊಂಡು ಗರಿಷ್ಠವನ್ನು ಹುಡುಕುವವರಿಗೆ ಈ ಅಂಚು ಕಾಣುವುದಿಲ್ಲ. ಅದಕ್ಕೆ ಕಾಲದೊಂದಿಗೆ ಬದಲಾಗುವ ಶಾಖದ ಸಮೀಕರಣವನ್ನು ಬರೆಯಬೇಕು, ಅಂಚಿನಿಂದ ಇಷ್ಟು ದೂರ ಎಂಬ ಷರತ್ತನ್ನು ಉತ್ತಮೀಕರಣದ ಒಳಗೇ ಸೇರಿಸಬೇಕು.

ಮಿಶ್ರಣದ ಕೊರತೆ, ವೇಗವರ್ಧಕದ ಮುಪ್ಪು ಎಂಬ ಎರಡು ವಿಷಯಗಳನ್ನು ಬರೆದು ತಂದಿದ್ದೆ, ಸಮಯವಿಲ್ಲದ್ದರಿಂದ ಬಿಡುತ್ತೇನೆ. ದತ್ತಾಂಶದಿಂದ ಕಲಿಯುವ ಮಾದರಿಗಳ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು, ಏಕೆಂದರೆ ಈ ಬಾರಿಯ ಪೋಸ್ಟರುಗಳಲ್ಲಿ ಅವು ಹಲವು ಇವೆ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದಾಖಲಾದ ಉಷ್ಣತೆಯನ್ನು ನಿಯಂತ್ರಕ ಒಂದೆರಡು ಡಿಗ್ರಿಯ ಪಟ್ಟಿಯೊಳಗೇ ಹಿಡಿದಿಟ್ಟಿರುತ್ತದೆ. ಅಷ್ಟು ಇಕ್ಕಟ್ಟಾದ ಪಟ್ಟಿಯಿಂದ ಸಕ್ರಿಯಣ ಶಕ್ತಿಯನ್ನು ನಂಬಲರ್ಹವಾಗಿ ಹೆಕ್ಕಿ ತೆಗೆಯಲಾಗದು. ಲಕ್ಷಾಂತರ ಸಾಲುಗಳಿದ್ದರೂ ಅವು ಹೇಳುವುದು ಒಂದೇ ಬಿಂದುವಿನ ಸುದ್ದಿ. ಟಿ2 ಕಾರ್ಖಾನೆಯ ಮೊದಲ 174 ಬ್ಯಾಚುಗಳ ದಾಖಲೆಯನ್ನು ಇಂಥ ಮಾದರಿಗೆ ಉಣಿಸಿದ್ದರೂ 200 ಡಿಗ್ರಿಯ ಆಚೆಗಿನ ಕ್ರಿಯೆಯನ್ನು ಅದು ಊಹಿಸುತ್ತಿರಲಿಲ್ಲ. ಆ ಮಾಹಿತಿಯನ್ನು ಕೆಲವು ಗ್ರಾಂ ಪದಾರ್ಥವನ್ನು ಶಾಖ ಅಳೆಯುವ ಕ್ಯಾಲೊರಿಮೀಟರಿನಲ್ಲಿಟ್ಟು ಬೇಕೆಂತಲೇ ಬಿಸಿ ಮಾಡಿ ಪಡೆಯಬೇಕು. ಈ ವಿಭಾಗದಲ್ಲಿ ಅಂಥ ಉಪಕರಣವೊಂದಕ್ಕೆ ಜಾಗ ಮಾಡಿಕೊಡಿ ಎಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರನ್ನು ಕೇಳಿಕೊಳ್ಳುತ್ತೇನೆ. ವಿದ್ಯಾರ್ಥಿಗಳು ಹೊರಗಿನ ಪೋಸ್ಟರುಗಳಿಗೆ ತಮ್ಮ ಕ್ರಿಯೆಯ ಶಾಖವನ್ನೂ, ನೀರು ನಿಂತರೆ ಆಗುವ ಏರಿಕೆಯನ್ನೂ ಸಂಜೆಯೊಳಗೆ ಬರೆದು ಸೇರಿಸಿದರೆ, ಹೊರಡುವ ಮೊದಲು ಒಬ್ಬೊಬ್ಬರೊಂದಿಗೂ ಕುಳಿತು ಆ ಲೆಕ್ಕವನ್ನು ನೋಡುತ್ತೇನೆ. ನಮಸ್ಕಾರ.